ಸೆಕೆಯ ಊರಿನಲ್ಲಿ ಲ್ಯಾಪ್‌ಟಾಪ್ ತಂಪಾಗಿಡಿ

ಏಪ್ರಿಲ್, ಮೇ ಬಂತೆಂದರೆ ಮುಂಬೈ ಬಳಿಯ ಶಹಾಡ್, ಕಲ್ಯಾಣ್, ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗೆ ಮಧ್ಯಾಹ್ನ ಕಷ್ಟ. ಲ್ಯಾಪ್‌ಟಾಪಿನ ಫ್ಯಾನ್ ಭೋರೆನ್ನುತ್ತದೆ, ಕೆಲಸ ತೆವಳುತ್ತದೆ. ಕೋಣೆಯ ಗಾಳಿ 25ರಿಂದ 35 ಡಿಗ್ರಿಗೆ ಏರಿದರೆ ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಹಾಗಾಗಿ ಯಂತ್ರ ಕೆಟ್ಟಿತೆಂದು ಹೊಸದು ಕೊಳ್ಳಲು ಹೊರಡಬೇಡಿ.

ಮೊದಲು ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಸಿಪಿಯು’ ಎಂಬಲ್ಲಿ ಕ್ಲಿಕ್ಕಿಸಿದರೆ ಹೆಚ್ಚು ದುಡಿಸುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ಬೇಡದ್ದನ್ನು ಮುಚ್ಚಿ.

ನಿಜವಾದ ಗುಟ್ಟಿರುವುದು ಟರ್ಬೊದಲ್ಲಿ, ಅಂದರೆ ಪ್ರೊಸೆಸರ್ ತನ್ನ ಮೂಲ ವೇಗ ಮೀರಿ ಓಡುವುದರಲ್ಲಿ. ಇಂಟೆಲ್‌ನ ಐ5-1235ಯು ಪ್ರೊಸೆಸರನ್ನೇ ನೋಡಿ: ಅದರ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಟರ್ಬೊ ಹಿಡಿದಾಗ 55 ವ್ಯಾಟ್‌ವರೆಗೆ ಹೋಗಬಲ್ಲದು. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಏರಬೇಕು. ವಿದ್ಯುತ್ ಬಳಕೆ ಆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ವೇಗದಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೂ ಸ್ವಿಚಿಂಗ್‌ಗೆ ಬೇಕಾದ ವಿದ್ಯುತ್ ಶೇ 19ರಷ್ಟು ಇಳಿಯುತ್ತದೆ. ಕೊನೆಯ ಚೂರು ವೇಗಕ್ಕೆ ನಾವು ತೆರುವ ಬೆಲೆ ಅಷ್ಟು ದುಬಾರಿ.

ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಪವರ್ ಆಪ್ಷನ್ಸ್’ ತೆರೆದು, ನಿಮ್ಮ ಪ್ಲ್ಯಾನಿನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗೆ ಹೋಗಿ. ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಅಡಿಯಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇರುವುದನ್ನು 99 ಮಾಡಿ. ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ. ಅಲ್ಲಿ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ‘ಬೆಸ್ಟ್ ಪವರ್ ಎಫಿಷಿಯನ್ಸಿ’ ಆರಿಸಿ. ಎಕ್ಸೆಲ್, ಮೇಲ್, ಮೀಟಿಂಗ್‌ಗಳಿಗೆ ಇಷ್ಟು ವೇಗ ಧಾರಾಳ. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಮಾತ್ರ ನಿಧಾನವೆನಿಸುತ್ತದೆ.

ಇನ್ನು ಗಾಳಿ. ಹಾಸಿಗೆ, ದಿಂಬಿನ ಮೇಲಿಟ್ಟರೆ ಅಡಿಯ ಕಿಂಡಿ ಮುಚ್ಚಿಹೋಗುತ್ತದೆ. ಮೇಜಿನ ಮೇಲಿಟ್ಟು, ಕಿಂಡಿಗೆ ಅಡ್ಡವಾಗದಂತೆ ಹಿಂಭಾಗಕ್ಕೆ ಎರಡು ಪುಸ್ತಕ ಕೊಡಿ. ಕಲ್ಯಾಣ್–ಮುರ್ಬಾಡ್ ರಸ್ತೆಯ ಕಡೆ ಕಿಟಕಿಯಿರುವ ಮನೆಗಳಲ್ಲಿ ಧೂಳು ಒಳಗೆ ಕೂರದೆ ಬಿಡದು; ಮಳೆಗಾಲದ ತೇವಕ್ಕೆ ಅದು ಗಟ್ಟಿಯಾಗಿ ಅಂಟುತ್ತದೆ. ಶುಚಿ ಮಾಡುವಾಗ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಫ್ಯಾನ್ ತಿರುಗದಂತೆ ಹಿಡಿದು ಸ್ವಲ್ಪಸ್ವಲ್ಪವೇ ಗಾಳಿ ಊದಿ. ಹಳೆಯ ಯಂತ್ರ ಆಗಲೂ ತಣ್ಣಗಾಗದಿದ್ದರೆ ರಿಪೇರಿ ಅಂಗಡಿಯಲ್ಲಿ ಪ್ರೊಸೆಸರ್‌ನ ಬಿಸಿಯನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿಸಿ.

ಟಿಟ್ವಾಲಾ, ಕಸಾರಾ ಲೋಕಲ್ ಹಿಡಿದು ಆಫೀಸಿಗೆ ಹೋಗುವವರು ಬರೀ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಬೇಡಿ. ಸ್ಲೀಪ್‌ನಲ್ಲಿರುವ ಯಂತ್ರ ದಾರಿಯಲ್ಲಿ ಎಚ್ಚರಗೊಂಡರೆ ಬ್ಯಾಗಿನೊಳಗೇ ಬೇಯುತ್ತದೆ. ಶಟ್‌ಡೌನ್ ಮಾಡಿಯೇ ಹೊರಡಿ.

ಈ ಉಪಾಯಗಳಿಂದ ಕರೆಂಟ್ ಬಿಲ್ ಬಹಳ ಇಳಿಯುತ್ತದೆಂದು ಹೇಳಲಾರೆ. ಸರಾಸರಿ 60 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ 14.4 ಯೂನಿಟ್ ತಿನ್ನುತ್ತದೆ, 30 ವ್ಯಾಟಿನದು 7.2. ಉಳಿಯುವುದು ಬ್ಯಾಟರಿಯ ಆಯಸ್ಸು. ಬಿಸಿ, ಪೂರ್ತಿ ಚಾರ್ಜ್ ಎರಡೂ ಸೇರಿದರೆ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ. ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಕೆಲಸ ಮಾಡುವವರು ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ ಸೌಲಭ್ಯವಿದ್ದರೆ ಚಾರ್ಜ್ ಮಿತಿಯನ್ನು ಶೇ 80ಕ್ಕೆ ಇಡಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು: ಒತ್ತಬೇಡಿ, ಚಾರ್ಜ್ ಮಾಡಬೇಡಿ, ಆಫ್ ಮಾಡಿ ಆ ದಿನವೇ ಸರ್ವಿಸ್ ಸೆಂಟರಿಗೆ ಒಯ್ಯಿರಿ.