ಅಪಘಾತದಲ್ಲಿ ಮರಣ: ತೋಟಗಾರನ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರ

ಮನೆಯ ಯಜಮಾನ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಸಂಬಳಗಾರನ ಕುಟುಂಬಕ್ಕೂ ತೋಟಗಾರನ ಕುಟುಂಬಕ್ಕೂ ಒಂದು ವ್ಯತ್ಯಾಸವುಂಟು. ಸಂಬಳಗಾರ ಹೋದರೆ ಸಂಬಳ ನಿಂತಿತು. ಸಂಬಳದ ಚೀಟಿ ಹಾಜರುಪಡಿಸಿದರೆ ಆಯಿತು. ತೋಟಗಾರ ಹೋದರೆ ವಿಮಾ ಕಂಪನಿಯ ವಕೀಲರು, "ತೋಟ ಅಲ್ಲೇ ಇದೆಯಲ್ಲ, ಅಡಿಕೆ ಮರ ಫಲ ಕೊಡುವುದನ್ನು ನಿಲ್ಲಿಸಿಲ್ಲವಲ್ಲ, ನಷ್ಟವೆಲ್ಲಿ ಬಂತು?" ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಸಿದ್ಧವಿಲ್ಲದೆ ಹೋದವರಿಗೆ ದೊರೆಯುವ ಹಣ ಬಹಳ ಕಡಿಮೆಯಾಗುತ್ತದೆ. ಆದುದರಿಂದ ಈ ಸಲ ಇದನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ ಪೂರ್ತಿ ಕುಯುಕ್ತಿಯದಲ್ಲ. ಹರಿಯಾಣದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಹೇಳಿದ್ದು ಇಷ್ಟು: ಜಮೀನು ವಾರಸುದಾರರ ಕೈಯಲ್ಲೇ ಉಳಿಯುವುದರಿಂದ ಬೆಳೆಯ ಆದಾಯವೆಲ್ಲ ನಷ್ಟವೆಂದು ಲೆಕ್ಕ ಹಿಡಿಯುವಂತಿಲ್ಲ, ಆದರೆ ಇನ್ನು ಮುಂದೆ ಬೇಸಾಯ ನೋಡಿಕೊಳ್ಳಲು ಬೇರೆಯವರನ್ನು ನೇಮಿಸಬೇಕಾಗಿ ಬರಬಹುದು. ಅಂದರೆ ತೀರಿಕೊಂಡವರ ದುಡಿಮೆ ಮತ್ತು ಮೇಲ್ವಿಚಾರಣೆಗೆ ಬೆಲೆಯುಂಟು. ಆ ಬೆಲೆ ಎಷ್ಟೆಂದು ತೋರಿಸುವ ಭಾರ ಮನೆಯವರದು.

ತೋರಿಸುವುದು ಹೇಗೆ? ಪಹಣಿ ಒಂದನ್ನೇ ಹಿಡಿದು ಹೋದರೆ ಅದು ಜಮೀನಿನ ಕತೆ ಹೇಳುತ್ತದೆಯೇ ಹೊರತು ಮನುಷ್ಯನ ಕತೆಯನ್ನಲ್ಲ. ಮರಗಸಿ, ಔಷಧಿ ಸಿಂಪರಣೆ, ಕೊನೆಕೊಯ್ಲು, ಸುಲಿತ, ಆಳುಗಳ ಬಟವಾಡೆ ಇವನ್ನೆಲ್ಲ ಸ್ವತಃ ಅವರೇ ಮಾಡುತ್ತಿದ್ದರು ಅಥವಾ ಮಾಡಿಸುತ್ತಿದ್ದರು ಎಂಬುದಕ್ಕೆ ಬಟವಾಡೆ ಪುಸ್ತಕ, ಅವರ ಸಹಿಯಿರುವ ಮಾರಾಟದ ಪಟ್ಟಿ, ಗೊಬ್ಬರದ ರಶೀದಿ, ಸಂಘದ ಖಾತೆಯ ನಕಲು ಸಾಕ್ಷಿಯಾಗುತ್ತವೆ. ಮರಣಾನಂತರ ರೈಟರನ್ನೋ ಮೇಸ್ತ್ರಿಯನ್ನೋ ನೇಮಿಸಿಕೊಂಡಿದ್ದರೆ ಅವರಿಗೆ ಕೊಟ್ಟ ಸಂಬಳದ ರಶೀದಿ ಇವೆಲ್ಲಕ್ಕಿಂತ ಗಟ್ಟಿ. ಮುಂಚಿನ ಮತ್ತು ನಂತರದ ವರ್ಷಗಳ ಫಸಲಿನ ಲೆಕ್ಕವನ್ನು ಜೊತೆಗಿಟ್ಟರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಬಟವಾಡೆ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುವವರೇ ಹೆಚ್ಚು. ಆ ಕ್ಯಾಲೆಂಡರನ್ನಾದರೂ ಯುಗಾದಿಗೆ ಒಲೆಗೆ ಹಾಕದೆ ತೆಗೆದಿಡಿ. ಗೃಹಿಣಿ ಮೃತಪಟ್ಟರೂ ಆಕೆಯ ಮನೆಗೆಲಸಕ್ಕೆ ಆದಾಯ ನಿಗದಿಮಾಡಿ ಪರಿಹಾರ ಕೊಡಬೇಕೆಂಬುದನ್ನು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೆ ಒತ್ತಿ ಹೇಳಿದೆ.

ಈ ಬೆಲೆ ಗೊತ್ತಾದರೆ ಉಳಿದದ್ದು ಗಣಿತ. 42 ವರ್ಷದ ತೋಟಗಾರ. ಅವಲಂಬಿತರು ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಮೇಲ್ವಿಚಾರಣೆಯ ಬೆಲೆ ತಿಂಗಳಿಗೆ 15,000 ರೂ. ಎಂದು ಒಪ್ಪಿದರೆನ್ನೋಣ, ವರ್ಷಕ್ಕೆ 1,80,000. ಸ್ವಂತ ಉದ್ಯೋಗದ 40ರಿಂದ 50 ವಯಸ್ಸಿನವರಿಗೆ ಮುಂದಿನ ಏಳಿಗೆಗೆಂದು ಶೇಕಡ 25 ಸೇರಿಸಬೇಕೆಂದು 2017ರ ಸಂವಿಧಾನಪೀಠದ ತೀರ್ಪು ಇದೆ, 2,25,000 ಆಯಿತು. ಅವಲಂಬಿತರು ನಾಲ್ವರಾದ್ದರಿಂದ ಮೃತರ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 1,68,750. 41ರಿಂದ 45ರ ವಯಸ್ಸಿಗೆ 2009ರ ತೀರ್ಪಿನ ಕೋಷ್ಟಕದಲ್ಲಿ ಗುಣಕ 14. ಒಟ್ಟು 23,62,500 ರೂ. ಅಂತ್ಯಕ್ರಿಯೆ ಮೊದಲಾದ ಬಾಬ್ತುಗಳಿಗೆ ಸಣ್ಣ ಮೊತ್ತಗಳು ಬೇರೆ. ತಿಂಗಳ ಬೆಲೆಯನ್ನು 8,000ಕ್ಕೆ ಇಳಿಸಿದರೆ ಇದೇ ಲೆಕ್ಕ 12,60,000ಕ್ಕೆ ಬಂದು ನಿಲ್ಲುತ್ತದೆ. ರಶೀದಿಗಳ ಮಹತ್ವ ಇಲ್ಲಿದೆ.

ಇದೆಲ್ಲ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನ ಅರ್ಜಿಗೆ ಸಂಬಂಧಿಸಿದ್ದು; ಇದರಲ್ಲಿ ಎದುರು ವಾಹನದ ಚಾಲಕನ ತಪ್ಪನ್ನು ತೋರಿಸಬೇಕು. ತಪ್ಪು ಯಾರದೆಂದು ನೋಡದೆ 5 ಲಕ್ಷ ರೂ. ಕೊಡುವ 164ನೇ ಕಲಮೂ ಇದೆ. ಆದರೆ ಎಚ್ಚರವಿರಲಿ: ವಿಮಾ ಕಂಪನಿಯವರು ಇತ್ಯರ್ಥಕ್ಕೆ ಬಂದು ಕೊಡುವ ಆ 5 ಲಕ್ಷವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ಅರ್ಜಿ ಬಿದ್ದುಹೋಗುತ್ತದೆ. ಸೂತಕದ ಮನೆಗೆ ಕಾಗದ ತಂದವರ ಮುಂದೆ ವಕೀಲರಿಗೆ ತೋರಿಸದೆ ಸಹಿ ಹಾಕಬಾರದು.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನಾವು ವಾಸವಿರುವ ಕಡೆಯ ನ್ಯಾಯಮಂಡಳಿಯೂ ಆಗುತ್ತದೆ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಇದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆಯಾದರೂ, ಅದನ್ನು ನಂಬಿ ಕೂರುವುದು ತರವಲ್ಲ.

ತಾನೇ ಅಜಾಗರೂಕತೆಯಿಂದ ಓಡಿಸಿ ಮಡಿದವರ ಕುಟುಂಬಕ್ಕೆ ಈ ದಾರಿ ಇಲ್ಲ. ಅರಸೀಕೆರೆ ಕಡೆಯ 2014ರ ಒಂದು ಅಪಘಾತದಲ್ಲಿ ಸುಪ್ರೀಂ ಕೋರ್ಟು 2025ರಲ್ಲಿ ಇಂತಹ ಕೋರಿಕೆಯನ್ನು ತಳ್ಳಿಹಾಕಿತು. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುವುದು ಇದಕ್ಕಾಗಿಯೇ. ಹಲವರು ಅದನ್ನು ದಂಡವೆಂದು ಕೈಬಿಡುತ್ತಾರೆ. ಪಾಲಿಸಿ ತೆಗೆದು ಆ ಬಾಬ್ತು ಇದೆಯೇ ಎಂದು ನೋಡಿ. ಚಾಲನಾ ಪರವಾನಗಿ ಊರ್ಜಿತದಲ್ಲಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.