ಹರಿದ ಮೊಣಕಾಲು ಮತ್ತೆ ಮೈದಾನಕ್ಕೆ ಬರುವುದು ಹೇಗೆ?



ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಚಲನೆಯ ಪಾಠ ಮಾಡುವಾಗ ಕೀಲುಗಳ ವಿಧಗಳನ್ನು ನಾನು ಹಲಗೆಯ ಮೇಲೆ ಬರೆಯುತ್ತೇನೆ. ಹಿಂಜ್ ಜಾಯಿಂಟ್‌ಗೆ ಉದಾಹರಣೆ ಮೊಣಕಾಲು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಫುಟ್ಬಾಲ್ ಆಡುವ ಹುಡುಗರು ಅಷ್ಟಕ್ಕೆ ಬಿಡುವುದಿಲ್ಲ. "ಸರ್, ಎಸಿಎಲ್ ಆಪರೇಷನ್ ಆದವರಿಗೆ ಎರಡು ಮೂರು ತಿಂಗಳಲ್ಲಿ ನೋವು ಹೋಗುತ್ತದಂತೆ. ಮತ್ತೆ ಒಂಬತ್ತು ತಿಂಗಳು ಯಾಕೆ ಕೂರಿಸುತ್ತಾರೆ?" ಎಂದು ಈ ವರ್ಷ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಐದು ನಿಮಿಷದಲ್ಲಿ ಹೇಳಿದ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅಸರ್ ಮುಗಿಸಿ ಮೈದಾನಕ್ಕೆ ಓಡುವವರು ಇದನ್ನು ಓದಲೇಬೇಕು. ಆಡದವರಿಗೂ ಇದರಲ್ಲಿ ಪರೀಕ್ಷೆಗೆ ಬೇಕಾದ ಪಾಠ ಇದೆ.

ಮೊಣಕಾಲಿನ ಒಳಗೆ ಏನಿದೆ?

ಮೇಲೆ ತೊಡೆಯ ಮೂಳೆ ಫೀಮರ್, ಕೆಳಗೆ ಕಾಲಿನ ದೊಡ್ಡ ಮೂಳೆ ಟಿಬಿಯ, ಮುಂದೆ ಮಂಡಿಚಿಪ್ಪು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ, ಅವೇ ಮೆನಿಸ್ಕಸ್‌ಗಳು. ಜಿಗಿದು ಇಳಿಯುವಾಗ ಬೀಳುವ ಭಾರವನ್ನು ಹಂಚಿಕೊಳ್ಳುವುದು ಅವುಗಳ ಕೆಲಸ.

ಇವೆಲ್ಲವನ್ನು ಹಿಡಿದಿಡುವುದು ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟ್‌ಗಳು. ನೆನಪಿಡಿ: ಲಿಗಮೆಂಟ್ ಮೂಳೆಯನ್ನು ಮೂಳೆಗೆ ಕಟ್ಟುತ್ತದೆ, ಟೆಂಡನ್ ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ಮೊಣಕಾಲಿನಲ್ಲಿ ಮುಖ್ಯವಾದ ನಾಲ್ಕು ಲಿಗಮೆಂಟ್‌ಗಳಿವೆ. ಎರಡು ಪಕ್ಕಗಳಲ್ಲಿ, ಇನ್ನೆರಡು ಕೀಲಿನ ನಟ್ಟನಡುವೆ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಅಡ್ಡಹಾಯುತ್ತವೆ. ಅವುಗಳಲ್ಲಿ ಮುಂದಿನದು ಆಂಟೀರಿಯರ್ ಕ್ರೂಶಿಯೇಟ್ ಲಿಗಮೆಂಟ್, ಚಿಕ್ಕದಾಗಿ ಎಸಿಎಲ್. ಟಿಬಿಯ ಮುಂದಕ್ಕೆ ಜಾರದಂತೆ, ಮೊಣಕಾಲು ಅತಿಯಾಗಿ ತಿರುಚಿಕೊಳ್ಳದಂತೆ ಅದು ತಡೆಯುತ್ತದೆ. ನೇರ ರಸ್ತೆಯಲ್ಲಿ ನಡೆಯುವವನಿಗೆ ಅದರ ಅಗತ್ಯ ಅಷ್ಟಾಗಿ ಕಾಣುವುದಿಲ್ಲ. ಓಡುತ್ತಾ ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವ ಆಟಗಾರನಿಗೆ ಅದಿಲ್ಲದೆ ಆಗುವುದಿಲ್ಲ.

ಎಸಿಎಲ್ ಬರೀ ಹಗ್ಗವಲ್ಲ. ಅದರೊಳಗೆ ನರತುದಿಗಳಿವೆ. ಮೊಣಕಾಲು ಯಾವ ಕೋನದಲ್ಲಿದೆ, ಎಷ್ಟು ಸೆಳೆತ ಬಿದ್ದಿದೆ ಎಂಬ ಸುದ್ದಿಯನ್ನು ಅವು ಮೆದುಳಿಗೆ ಮುಟ್ಟಿಸುತ್ತವೆ. ಹಗ್ಗ ಹರಿದರೆ ಈ ಸುದ್ದಿಯೂ ನಿಲ್ಲುತ್ತದೆ.

ಹರಿಯುವುದು ಹೇಗೆ?

ಎದುರಾಳಿ ಕಾಲಿಗೆ ಒದ್ದರೆ ಮಾತ್ರ ಎಸಿಎಲ್ ಹರಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗೂ ಆಗುವುದುಂಟು. 2020ರ ಅಕ್ಟೋಬರ್ 17ರಂದು ಎವರ್ಟನ್ ವಿರುದ್ಧದ ಪಂದ್ಯದಲ್ಲಿ ಲಿವರ್‌ಪೂಲಿನ ವರ್ಜಿಲ್ ವ್ಯಾನ್ ಡೈಕ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫೋರ್ಡ್ ಜೊತೆ ಡಿಕ್ಕಿಯಾಗಿ ಬಲ ಮೊಣಕಾಲು ಕಳೆದುಕೊಂಡರು. ಆದರೆ ಹೆಚ್ಚಿನ ಸಲ ಮೊಣಕಾಲಿಗೆ ಯಾರೂ ನೇರವಾಗಿ ಬಡಿದಿರುವುದಿಲ್ಲ. ಚೆಂಡು ಕಸಿಯಲು ಓಡಿಬಂದು ತಟ್ಟನೆ ನಿಂತಾಗ, ಹೆಡ್ ಮಾಡಿ ಒಂದೇ ಕಾಲಿನ ಮೇಲೆ ಇಳಿದಾಗ, ಪಾದ ನೆಲದಲ್ಲಿ ಊರಿಕೊಂಡಿರುವಾಗಲೇ ದೇಹ ತಿರುಗಿದಾಗ ಮೊಣಕಾಲು ಒಳಕ್ಕೆ ಕುಸಿಯುತ್ತದೆ. ಟಪ್ ಎಂದು ಸದ್ದಾದ ಹಾಗೆ ಅನಿಸುತ್ತದೆ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ.

ವಿದ್ಯಾರ್ಥಿನಿಯರೂ ಇದನ್ನು ಗಮನಿಸಬೇಕು. ಫುಟ್ಬಾಲ್, ಬಾಸ್ಕೆಟ್‌ಬಾಲಿನಂಥ ಆಟಗಳಲ್ಲಿ ಹುಡುಗಿಯರಿಗೆ ಈ ಗಾಯದ ಅಪಾಯ ಹುಡುಗರಿಗಿಂತ ಹೆಚ್ಚು. 2023ರ ಮಹಿಳಾ ವಿಶ್ವಕಪ್ಪಿಗೆ ಇಂಗ್ಲೆಂಡಿನ ಲಿಯಾ ವಿಲಿಯಮ್ಸನ್ ಮತ್ತು ಬೆತ್ ಮೀಡ್, ನೆದರ್‌ಲ್ಯಾಂಡ್ಸಿನ ವಿವಿಯಾನೆ ಮಿಡೆಮಾ ಮೂವರೂ ಇದೇ ಗಾಯದಿಂದ ತಪ್ಪಿಸಿಕೊಂಡರು.

ನೋವು ಹೋದರೂ ಬಲ ಬಂದಿರುವುದಿಲ್ಲ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಚರ್ಮ ಕೊಯ್ದರೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಮೇಲೆ ಹೊಸ ಅಂಗಾಂಶ ಬೆಳೆಯುತ್ತದೆ. ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಅಲ್ಲಿ ಹೆಪ್ಪು ನಿಲ್ಲುವುದು ಕಷ್ಟ. ಆದ್ದರಿಂದ ಪೂರ್ತಿ ಹರಿದದ್ದು ತಾನಾಗಿ ಸರಿಯಾಗಿ ಕೂಡಿಕೊಳ್ಳುವುದು ಅಪರೂಪ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಆದರೆ ವೃತ್ತಿಪರ ಆಟಗಾರರಿಗೆ ಸಾಮಾನ್ಯವಾಗಿ ಹೊಸ ಲಿಗಮೆಂಟ್ ಕಟ್ಟುತ್ತಾರೆ. ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಬಳಿಯ ಟೆಂಡನ್ನಿನಿಂದ ಒಂದು ತುಂಡು ತೆಗೆದು, ಮೂಳೆಗಳಲ್ಲಿ ರಂಧ್ರ ಕೊರೆದು, ಹಳೆಯ ಎಸಿಎಲ್ ಇದ್ದ ಜಾಗದಲ್ಲಿ ಬಿಗಿಯುತ್ತಾರೆ. ಇದೇ ಗ್ರಾಫ್ಟ್.

ಪಾಠದ ತಿರುಳು ಇಲ್ಲಿದೆ. ಮೂಲದಿಂದ ಕತ್ತರಿಸಿ ತಂದ ಆ ತುಂಡಿಗೆ ಮೊದಲು ರಕ್ತಪೂರೈಕೆ ಇರುವುದಿಲ್ಲ. ಅದರ ಹಳೆಯ ಜೀವಕೋಶಗಳು ಸಾಯುತ್ತವೆ. ನಂತರ ನಿಧಾನವಾಗಿ ಹೊಸ ರಕ್ತನಾಳಗಳು, ಹೊಸ ಕೋಶಗಳು ಒಳಗೆ ಬರುತ್ತವೆ. ಹಳೆಯ ಕೊಲಾಜೆನ್ ನಾರು ಕರಗಿ ಹೊಸ ನಾರು ಹೆಣೆಯಲ್ಪಡುತ್ತದೆ. ಟೆಂಡನ್ ಕ್ರಮೇಣ ಲಿಗಮೆಂಟ್ ಆಗಿ ಮಾರ್ಪಡುವ ಈ ಕೆಲಸ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಹೊರಗಿನ ನೋವು ಮತ್ತು ಊತ ಇಳಿದು "ನನಗೇನೂ ಆಗಿಲ್ಲ" ಎನಿಸುವ ಎರಡನೇ, ಮೂರನೇ ತಿಂಗಳ ಹೊತ್ತಿಗೆ ಒಳಗಿನ ಗ್ರಾಫ್ಟ್ ಅತ್ಯಂತ ದುರ್ಬಲವಾಗಿರುತ್ತದೆ. ನೋವು ಗಾಯದ ಸುದ್ದಿ ಕೊಡುತ್ತದೆ, ಬಲದ ಸುದ್ದಿ ಕೊಡುವುದಿಲ್ಲ.

ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳುವುದನ್ನು ಒಂಬತ್ತನೇ ತಿಂಗಳವರೆಗೆ ಮುಂದೂಡಿದ ಪ್ರತಿಯೊಂದು ತಿಂಗಳಿಗೆ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿದದ್ದು ಕಂಡುಬಂತು. ಒಂಬತ್ತು ತಿಂಗಳ ಲೆಕ್ಕಕ್ಕೆ ಇದೊಂದು ಮುಖ್ಯ ಆಧಾರ.

ಒಬ್ಬ ಆಟಗಾರ, ಎರಡು ಮರಳುವಿಕೆ

ಬ್ರೆಜಿಲಿನ ರೊನಾಲ್ಡೊ ಅವರ ಉದಾಹರಣೆ ನೋಡಿ. ನಿಮಗೆ ಪರಿಚಿತರಾದ ಪೋರ್ಚುಗಲಿನ ಕ್ರಿಸ್ಟಿಯಾನೊ ಅಲ್ಲ, ಅವರಿಗಿಂತ ಹಿಂದಿನ ತಲೆಮಾರಿನವರು. ಅವರಿಗಾದದ್ದು ಎಸಿಎಲ್ ಗಾಯವಲ್ಲ, ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿನದು. ತೊಡೆಯ ಮುಂಭಾಗದ ಸ್ನಾಯುಗಳ ಬಲ ಮಂಡಿಚಿಪ್ಪಿನ ಮೂಲಕ ಕಾಲಿಗೆ ಇಳಿಯುವುದು ಇದರಿಂದಲೇ. ಅದು ಹರಿದರೆ ಕಾಲನ್ನು ನೇರಮಾಡಲು ಆಗುವುದಿಲ್ಲ.

1999ರ ನವೆಂಬರ್‌ನಲ್ಲಿ ಇಂಟರ್ ಮಿಲಾನ್ ಪರ ಆಡುವಾಗ ಅವರ ಬಲ ಮೊಣಕಾಲಿನ ಟೆಂಡನ್ ಗಾಯಗೊಂಡಿತು, ಶಸ್ತ್ರಚಿಕಿತ್ಸೆಯಾಯಿತು. ಐದು ತಿಂಗಳೂ ತುಂಬುವ ಮೊದಲೇ, 2000ದ ಏಪ್ರಿಲ್ 12ರಂದು, ರೋಮ್‌ನಲ್ಲಿ ಲಾಜಿಯೊ ವಿರುದ್ಧ ಇಟಾಲಿಯನ್ ಕಪ್ ಫೈನಲಿನಲ್ಲಿ ಬದಲಿ ಆಟಗಾರನಾಗಿ ಇಳಿದರು. ಹತ್ತು ನಿಮಿಷವೂ ಆಗಿರಲಿಲ್ಲ, ಚೆಂಡಿನೊಂದಿಗೆ ಮುನ್ನುಗ್ಗಿ ಎದುರಾಳಿಯನ್ನು ಮರುಳು ಮಾಡಲು ಹೆಜ್ಜೆ ಹಾಕುವಾಗ ಯಾರೂ ಮುಟ್ಟದೆಯೇ ಕುಸಿದುಬಿದ್ದರು. ಟೆಂಡನ್ ಈ ಸಲ ಪೂರ್ತಿ ಹರಿದಿತ್ತು.

ಎರಡನೇ ಸಲ ಅವಸರ ಮಾಡಲಿಲ್ಲ. 2000-01ರ ಇಡೀ ಋತುವನ್ನು ಬಿಟ್ಟುಕೊಟ್ಟರು. ಮಂಡಿ ಮಡಚುವುದರಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಕಲಿತರು. 2001ರ ಕೊನೆಯ ಭಾಗದಲ್ಲಿ ಮರಳಿದರೂ ಚಿಕ್ಕಪುಟ್ಟ ಸ್ನಾಯು ಗಾಯಗಳು ಕಾಡಿದವು. 2002ರ ವಿಶ್ವಕಪ್ಪಿಗೆ ಅವರು ಸಿದ್ಧರಿದ್ದಾರೆಯೇ ಎಂಬ ಸಂಶಯ ಬಹಳ ಜನರಲ್ಲಿತ್ತು. ಆ ವಿಶ್ವಕಪ್ಪಿನಲ್ಲಿ ಅವರು 8 ಗೋಲು ಹೊಡೆದರು. ಯೊಕೊಹಾಮಾದ ಫೈನಲಿನಲ್ಲಿ ಜರ್ಮನಿಯ ವಿರುದ್ಧ ಬ್ರೆಜಿಲ್ 2-0ಯಿಂದ ಗೆದ್ದಾಗ ಎರಡೂ ಗೋಲು ಅವರದೇ. ಅದೇ ಮನುಷ್ಯ, ಅದೇ ಮೊಣಕಾಲು. ಗಾಯ ಮೊದಲಿಗಿಂತ ದೊಡ್ಡದು, ಆದರೆ ಕೊಟ್ಟ ಸಮಯವೂ ದೊಡ್ಡದು.

ಮರಳುವ ಮೆಟ್ಟಿಲುಗಳು

ವೃತ್ತಿಪರ ಕ್ಲಬ್‌ಗಳಲ್ಲಿ ಆಟಗಾರ ಕ್ಯಾಲೆಂಡರ್ ನೋಡಿ ಮಾತ್ರ ಮೇಲೇರುವುದಿಲ್ಲ. ಒಂದು ಮೆಟ್ಟಿಲಿನ ಪರೀಕ್ಷೆ ಪಾಸಾದ ಮೇಲೆ ಮುಂದಿನ ಮೆಟ್ಟಿಲು.

1. ಊತ ಇಳಿಸುವುದು, ಕಾಲನ್ನು ಪೂರ್ತಿ ನೇರ ಮಾಡುವುದು. ಊದಿದ ಮೊಣಕಾಲಿನಿಂದ ಬರುವ ಸಂಕೇತಗಳು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವನ್ನು ತಡೆಹಿಡಿಯುತ್ತವೆ. ಕೆಲವೇ ದಿನಗಳಲ್ಲಿ ತೊಡೆ ಸೊರಗುತ್ತದೆ. ಆ ಸ್ನಾಯುವನ್ನು ಎಬ್ಬಿಸುವುದೇ ಮೊದಲ ಕೆಲಸ.

2. ಕುಂಟದೆ ನಡೆಯುವುದು, ಸೈಕಲ್ ತುಳಿಯುವುದು, ಬಲ ಹೆಚ್ಚಿಸುವುದು. ಮಂಡಿ ಪೂರ್ತಿ ಮಡಚಿ ನಮಾಝಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಯಾವಾಗ ಎಂಬುದನ್ನು ಫಿಸಿಯೋಥೆರಪಿಸ್ಟರನ್ನೇ ಕೇಳಬೇಕು. ಬಲವಂತವಾಗಿ ಮಡಚಬಾರದು.

3. ನೇರ ಓಟ. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ನಂತರ, ಬಲ ಬಂದಿದ್ದರೆ ಮಾತ್ರ.

4. ಜಿಗಿತ, ಇಳಿತ, ದಿಕ್ಕು ಬದಲಿಸುವುದು. ಹರಿದ ಲಿಗಮೆಂಟ್ ಕೊಡುತ್ತಿದ್ದ ಸುದ್ದಿಯ ಕೊರತೆ ತುಂಬಲು ಒಂಟಿಕಾಲಿನ ಸಮತೋಲನದ ಅಭ್ಯಾಸ ಇಲ್ಲಿಯೂ ಮುಂದುವರಿಯುತ್ತದೆ.

5. ತಂಡದ ಜೊತೆ ಅಭ್ಯಾಸ. ಮೊದಲು ಮೈಗೆ ಮೈ ತಾಗದಂತೆ, ನಂತರ ಪೂರ್ತಿಯಾಗಿ. ಆಮೇಲೆ ಪಂದ್ಯದಲ್ಲಿ ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಪಂದ್ಯ.

ಆಟಕ್ಕೆ ಬಿಡುವ ಮೊದಲು ಗಾಯಗೊಂಡ ಕಾಲಿನ ಬಲ ಮತ್ತು ಒಂಟಿಕಾಲಿನ ಜಿಗಿತದ ದೂರ ಇನ್ನೊಂದು ಕಾಲಿನ ಕನಿಷ್ಠ ಶೇ. 90ರಷ್ಟು ಇರಬೇಕು ಎಂಬುದು ರೂಢಿಯ ಅಳತೆ. ಇದರಲ್ಲೊಂದು ಮೋಸ ಇದೆ: ತಿಂಗಳುಗಟ್ಟಲೆ ಆಡದೆ ಇದ್ದರೆ ಒಳ್ಳೆಯ ಕಾಲೂ ಸೊರಗಿರುತ್ತದೆ. ಆದ್ದರಿಂದ ಹೋಲಿಕೆ ಮಾತ್ರ ನೋಡಿದರೆ ಸಾಲದು. ಮನಸ್ಸಿನ ಸಿದ್ಧತೆಯನ್ನು ಅಳೆಯಲೂ ಪ್ರಶ್ನಾವಳಿಗಳಿವೆ. ಟ್ಯಾಕಲ್‌ಗೆ ಹೋಗುವಾಗ ಅರೆಕ್ಷಣ ಹಿಂಜರಿಯುವವನು ಇನ್ನೂ ಮರಳಿಲ್ಲ ಎಂದೇ ಅರ್ಥ.

ಮೈದಾನಕ್ಕೆ ಬರುವುದು ಬೇರೆ, ಲಯಕ್ಕೆ ಬರುವುದು ಬೇರೆ

ಯುರೋಪಿನ ವೃತ್ತಿಪರ ಪುರುಷ ತಂಡಗಳ 15 ವರ್ಷಗಳ ಎಸಿಎಲ್ ಗಾಯಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಶೇ. 90ಕ್ಕಿಂತ ಹೆಚ್ಚು ಆಟಗಾರರು ಆಟಕ್ಕೆ ಮರಳಿದ್ದರು. ಆದರೆ ಮೂರು ವರ್ಷಗಳ ನಂತರ ಅತ್ಯುನ್ನತ ಮಟ್ಟದಲ್ಲಿ ಇನ್ನೂ ಆಡುತ್ತಿದ್ದವರು ಶೇ. 65 ಮಾತ್ರ. ಜಗತ್ತಿನ ಉತ್ತಮ ವೈದ್ಯರು, ಫಿಸಿಯೋಗಳು ಜೊತೆಗಿದ್ದವರ ಲೆಕ್ಕ ಇದು ಎಂಬುದನ್ನು ಮರೆಯಬೇಡಿ.

ವ್ಯಾನ್ ಡೈಕ್ ಮಧ್ಯದಲ್ಲಿ ಬಂದ ಯುರೋ ಟೂರ್ನಿಯನ್ನೂ ಬಿಟ್ಟುಕೊಟ್ಟು, ಹತ್ತು ತಿಂಗಳ ನಂತರ 2021ರ ಆಗಸ್ಟಿನಲ್ಲಿ ಮರಳಿದರು. ಆ ಋತುವಿನಲ್ಲಿ ಲಿವರ್‌ಪೂಲ್ ಇಂಗ್ಲೆಂಡಿನ ಎರಡೂ ಕಪ್‌ಗಳನ್ನು ಗೆದ್ದು, ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿತು.

ಸ್ಪೇನಿನ ಅಲೆಕ್ಸಿಯಾ ಪುಟೆಯಾಸ್ ಅವರ ದಾರಿ ಇನ್ನೂ ಉದ್ದ. 2022ರ ಜುಲೈಯಲ್ಲಿ, ಯುರೋ ಆರಂಭದ ಮುನ್ನಾದಿನ, ಅಭ್ಯಾಸದಲ್ಲಿ ಎಡ ಮೊಣಕಾಲಿನ ಎಸಿಎಲ್ ಹರಿಯಿತು. 2023ರ ಏಪ್ರಿಲ್ ಕೊನೆಗೆ ಮರಳಿದರು. ಆ ವರ್ಷ ಸ್ಪೇನ್ ವಿಶ್ವಕಪ್ ಗೆದ್ದಾಗ ಫೈನಲಿನಲ್ಲಿ ಅವರು ಇಳಿದದ್ದು ಕೊನೆಯ ಕೆಲವು ನಿಮಿಷಗಳಿಗೆ. ಎರಡು ಸಲ ಬಾಲೊನ್ ಡಿ'ಓರ್ ಗೆದ್ದವರು ಬೆಂಚಿನಲ್ಲಿ ಕೂತು ಸರದಿ ಕಾದರು. 2024ರ ಮೇಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಬಾರ್ಸಿಲೋನಾದ ಎರಡನೇ ಗೋಲು ಅವರದು. ಗಾಯದಿಂದ ಆ ಗೋಲಿಗೆ ಸುಮಾರು ಎರಡು ವರ್ಷ.

ನೇಮಾರ್ 2023ರ ಅಕ್ಟೋಬರಿನಲ್ಲಿ ಎಡ ಮೊಣಕಾಲಿನ ಎಸಿಎಲ್ ಮತ್ತು ಮೆನಿಸ್ಕಸ್ ಗಾಯಕ್ಕೆ ಒಳಗಾದರು. ಒಂದು ವರ್ಷ ಕಾದು ಮರಳಿದರು, ಎರಡನೇ ಪಂದ್ಯದಲ್ಲೇ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತು. ಮೊಣಕಾಲು ಗಟ್ಟಿಯಾದರೂ ಸುತ್ತಲಿನ ದೇಹ ಪಂದ್ಯದ ಭಾರಕ್ಕೆ ಹೊಂದಿಕೊಳ್ಳಲು ಮತ್ತಷ್ಟು ಸಮಯ ಬೇಕು.

ನಮ್ಮ ದೇಶದಲ್ಲೂ ಉದಾಹರಣೆ ಇದೆ. ಸಂದೇಶ್ ಜಿಂಗನ್ 2019ರ ಅಕ್ಟೋಬರಿನಲ್ಲಿ ಗಾಯಗೊಂಡು ಆ ಋತುವನ್ನೇ ಕಳೆದುಕೊಂಡರು. ನಂತರ ಭಾರತ ತಂಡಕ್ಕೆ ಮರಳಿದರು. 2022-23ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಪರವೂ ಆಡಿದರು.

ನಮ್ಮ ಮಟ್ಟಿಗೆ

ಅಂತರ ಕಾಲೇಜು ಪಂದ್ಯ ಹತ್ತಿರ ಬಂದಾಗ ಊದಿದ ಮಂಡಿಗೆ ಬ್ಯಾಂಡೇಜ್ ಸುತ್ತಿ, ದೈಹಿಕ ಶಿಕ್ಷಕರಿಗೆ ಹೇಳದೆ ಆಡುವವರಿದ್ದಾರೆ. ತಂಡದಲ್ಲಿ ಜಾಗ ಹೋದೀತು ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಎಸಿಎಲ್ ಇಲ್ಲದ ಮೊಣಕಾಲು ಒಂದೊಂದು ಸಲ ಜಾರಿದಾಗಲೂ ಮೆನಿಸ್ಕಸ್ ಹರಿಯಬಹುದು, ಮೃದ್ವಸ್ಥಿ ಸವೆಯಬಹುದು. ಸವೆದ ಮೃದ್ವಸ್ಥಿ ಮೊದಲಿನಂತೆ ಬೆಳೆಯುವುದಿಲ್ಲ. ನಲವತ್ತರ ವಯಸ್ಸಿಗೆ ಮೆಟ್ಟಿಲು ಹತ್ತಲು ಕಷ್ಟಪಡುವ ಮಂಡಿಯನ್ನು ಹದಿನೇಳಕ್ಕೇ ಸಿದ್ಧ ಮಾಡಿಕೊಂಡಂತಾಗುತ್ತದೆ. ಎಳೆಯ ವಯಸ್ಸಿನವರಲ್ಲಿ ಗ್ರಾಫ್ಟ್ ಮತ್ತೆ ಹರಿಯುವ ಅಪಾಯ ಹೆಚ್ಚು ಎಂಬುದೂ ನೆನಪಿರಲಿ.

ಗಾಯವಾದ ದಿನ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಕಾಲು ಎತ್ತರದಲ್ಲಿಡಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ಎಳೆಸುವುದು ಬೇಡ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. "ಮೂಳೆ ಸರಿಯಿದೆ" ಎಂದ ಮಾತ್ರಕ್ಕೆ ಮೊಣಕಾಲು ಸರಿಯಿದೆ ಎಂದಲ್ಲ. ಮೂಳೆತಜ್ಞರು ಕೈಯಿಂದ ಪರೀಕ್ಷಿಸಿ, ಬೇಕಿದ್ದರೆ ಎಂಆರ್‌ಐ ಮಾಡಿಸುತ್ತಾರೆ.

ಗಾಯ ಆಗದಂತೆ ತಡೆಯುವುದು ಇದಕ್ಕಿಂತ ಅಗ್ಗ. ಫಿಫಾ 11 ಪ್ಲಸ್ ಎಂಬ ವಾರ್ಮ್‌ಅಪ್‌ನಲ್ಲಿ 15 ವ್ಯಾಯಾಮಗಳಿವೆ. 8 ನಿಮಿಷ ನಿಧಾನ ಓಟ, 10 ನಿಮಿಷ ಬಲ, ಸಮತೋಲನ ಮತ್ತು ಜಿಗಿತ, 2 ನಿಮಿಷ ವೇಗದ ಓಟ. ಯಾವ ಯಂತ್ರವೂ ಬೇಡ, ಮೈದಾನ ಮತ್ತು ಇಪ್ಪತ್ತು ನಿಮಿಷ ಸಾಕು. ವಾರಕ್ಕೆ ಕನಿಷ್ಠ ಎರಡು ಸಲ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ಇಳಿದಿವೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ.

ಓದಿದ ಮೇಲೆ ಉತ್ತರಿಸಿ

1. ಲಿಗಮೆಂಟ್ ಮತ್ತು ಟೆಂಡನ್‌ಗೆ ಇರುವ ವ್ಯತ್ಯಾಸವೇನು? ರೊನಾಲ್ಡೊ ಮತ್ತು ವ್ಯಾನ್ ಡೈಕ್ ಅವರಿಗೆ ಹರಿದದ್ದು ಯಾವುವು?
2. ಹರಿದ ಎಸಿಎಲ್ ತಾನಾಗಿ ಕೂಡಿಕೊಳ್ಳುವುದು ಕಷ್ಟ ಏಕೆ?
3. ನೋವಿಲ್ಲದ ಮೂರನೇ ತಿಂಗಳಲ್ಲಿ ಆಡುವುದು ಏಕೆ ಅಪಾಯಕಾರಿ?
4. ಎರಡು ಕಾಲುಗಳ ಬಲವನ್ನು ಹೋಲಿಸುವ ಅಳತೆಯಲ್ಲಿರುವ ದೋಷ ಯಾವುದು?
5. ನಿಮ್ಮ ಗೆಳೆಯ ಊದಿದ ಮಂಡಿಯಲ್ಲಿ ಆಡಲು ಹೊರಟರೆ ಅವನಿಗೆ ಏನು ಹೇಳುವಿರಿ? ಐದು ವಾಕ್ಯಗಳಲ್ಲಿ ಬರೆಯಿರಿ.

ಉತ್ತರ ಬರೆದು ಸ್ಟಾಫ್ ರೂಮಿಗೆ ತಂದುಕೊಡಿ, ತಿದ್ದಿ ಕೊಡುತ್ತೇನೆ. ಐದನೇ ಪ್ರಶ್ನೆಗೆ ಅಂಕವಿಲ್ಲ. ಆದರೆ ಅದನ್ನು ಬರೆದು ಇಟ್ಟುಕೊಳ್ಳಿ, ಟೂರ್ನಿಯ ವಾರದಲ್ಲಿ ಬೇಕಾಗುತ್ತದೆ.