ಆಡುವವರೇ ಕಟ್ಟಿದ ಆಟ

ಚಿನ್ನಿದಾಂಡು ಆಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಒಂದು ಬೀದಿಯ ನಿಯಮ ಪಕ್ಕದ ಬೀದಿಯಲ್ಲಿ ನಡೆಯುವುದಿಲ್ಲ. ಗಾಳಿಯಲ್ಲಿರುವ ಚಿನ್ನಿಯನ್ನು ಹಿಡಿದರೆ ಏನು, ಎಷ್ಟು ದಾಂಡು ಅಳೆದರೆ ಗೆಲುವು ಎಂಬುದನ್ನೆಲ್ಲ ಆಡುವ ಹುಡುಗರೇ ಜಗಳವಾಡಿ ಗೊತ್ತುಮಾಡಿಕೊಳ್ಳುತ್ತಾರೆ. ಅಲ್ಲಿ ಆಟದ ಒಡೆಯರೂ ಆಟಗಾರರೂ ಒಬ್ಬರೇ. ಕಂಪ್ಯೂಟರಿನ ಮೇಲೆ ಆಡುವ ಆಟದ ಸ್ಥಿತಿ ಹೀಗಲ್ಲ. ಅದರ ನಿಯಮಗಳು ಲಕ್ಷಾಂತರ ಸಾಲುಗಳ ಪ್ರೋಗ್ರಾಮಿನಲ್ಲಿ ಅಡಗಿವೆ. ಆ ಪ್ರೋಗ್ರಾಮ್ ಒಂದು ಕಂಪನಿಯ ಸೊತ್ತು. ಹೀಗಿದ್ದೂ, ಅನೇಕರು ಒಟ್ಟಿಗೆ ಕೂಡಿ ಗುಂಡು ಹಾರಿಸಿ ಆಡುವ ಆಟಗಳ ಚರಿತ್ರೆಯನ್ನು ನೋಡಿದರೆ, ಅವುಗಳಲ್ಲಿ ಬಹುಕಾಲ ಬಾಳಿದವುಗಳನ್ನು ರೂಪಿಸುವಲ್ಲಿ ಆಟಗಾರರ ಕೈವಾಡ ಬಹಳ ದೊಡ್ಡದೆಂದು ಕಂಡುಬರುತ್ತದೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ನಾವಿಲ್ಲಿ ವಿಚಾರಿಸೋಣ. ಗುಂಡಿನ ಆಟವೆಂದೊಡನೆ ಮನೆಯ ಹಿರಿಯರು ಮುಖ ಸಿಂಡರಿಸುವುದುಂಟು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಇಲ್ಲಿ ನಮಗೆ ಬೇಕಾದುದು ಗುಂಡಲ್ಲ, ಅದನ್ನು ಹಾರಿಸುವ ನಿಯಮಗಳ ಹುಟ್ಟು.

1993ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿಯು ಡೂಮ್ ಎಂಬ ಆಟವನ್ನು ಹೊರತಂದಿತು. ಅದರ ಪ್ರೋಗ್ರಾಮನ್ನು ಬರೆದವರಲ್ಲಿ ಮುಖ್ಯನಾದ ಜಾನ್ ಕಾರ್ಮ್ಯಾಕ್ ಅದನ್ನು ಎರಡು ಪಾಲಾಗಿ ಒಡೆದಿದ್ದ. ಚಲನೆ, ಘರ್ಷಣೆ, ದೃಶ್ಯಗಳನ್ನು ಲೆಕ್ಕಹಾಕುವ ಭಾಗ ಒಂದು. ಇದಕ್ಕೆ ಎಂಜಿನ್ ಎಂದು ಹೆಸರು. ಗೋಡೆಗಳು, ಕೋಣೆಗಳು, ಚಿತ್ರಗಳು, ಸದ್ದುಗಳು ಇರುವ ಭಾಗ ಇನ್ನೊಂದು. ನಾಟಕದ ಕಂಪನಿಯೊಂದು ರಂಗಮಂಟಪವನ್ನು ಹಾಗೆಯೇ ಉಳಿಸಿಕೊಂಡು ಪರದೆಗಳನ್ನು ಮಾತ್ರ ಬದಲಾಯಿಸುವಂತೆ, ಎಂಜಿನ್ನನ್ನು ಮುಟ್ಟದೆಯೇ ಎರಡನೆಯ ಭಾಗವನ್ನು ಬದಲಾಯಿಸಬಹುದಾಗಿತ್ತು. ಆಟಗಾರರು ಕೂಡಲೇ ಆ ಕೆಲಸಕ್ಕೆ ಕೈಹಾಕಿದರು. 1996ರಲ್ಲಿ ಅದೇ ಕಂಪನಿಯಿಂದ ಬಂದ ಕ್ವೇಕ್ ಎಂಬ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಟದ ನಿಯಮಗಳನ್ನೇ ತಿದ್ದಲು ಅನುಕೂಲವಾದ ಒಂದು ಸರಳ ಭಾಷೆಯನ್ನು ಅದರೊಂದಿಗೆ ಕೊಡಲಾಗಿತ್ತು. ಅದೇ ವರ್ಷ ಆಸ್ಟ್ರೇಲಿಯಾದ ಮೂವರು ತರುಣರು, ರಾಬಿನ್ ವಾಕರ್, ಜಾನ್ ಕುಕ್, ಇಯಾನ್ ಕಾಗ್ಲಿ ಎಂಬವರು, ಆ ಭಾಷೆಯಲ್ಲಿ ಟೀಮ್ ಫೋರ್ಟ್ರೆಸ್ ಎಂಬ ಮಾರ್ಪಾಟನ್ನು ರಚಿಸಿದರು. ಒಂದೊಂದು ಪಕ್ಷದಲ್ಲಿ ವೈದ್ಯ, ಎಂಜಿನಿಯರ್, ಗೂಢಚಾರ ಎಂದು ಬೇರೆಬೇರೆ ಕಸುಬಿನವರು ಇರುವ ಆಟವದು. ಇಂಥ ಮಾರ್ಪಾಟುಗಳಿಗೆ ಆಟಗಾರರ ಮಾತಿನಲ್ಲಿ ‘ಮಾಡ್’ ಎಂದು ಹೆಸರು.

ಇವುಗಳಲ್ಲೆಲ್ಲ ಅತ್ಯಂತ ಹೆಸರಾದುದು ಕೌಂಟರ್-ಸ್ಟ್ರೈಕ್. ವಾಲ್ವ್ ಎಂಬ ಕಂಪನಿಯು ಕ್ವೇಕ್ ಆಟದ ಎಂಜಿನ್ನನ್ನು ಹಣಕೊಟ್ಟು ಪಡೆದು, ಬಹಳಷ್ಟು ತಿದ್ದಿ, 1998ರಲ್ಲಿ ಹಾಫ್-ಲೈಫ್ ಎಂಬ ಆಟವನ್ನು ಪ್ರಕಟಿಸಿತ್ತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಮಿನ್ ಲೀ ಎಂಬ ವಿದ್ಯಾರ್ಥಿಯೂ ಜೆಸ್ ಕ್ಲಿಫ್ ಎಂಬ ಆತನ ಗೆಳೆಯನೂ ಸೇರಿ ಇದಕ್ಕೊಂದು ಮಾಡ್ ತಯಾರಿಸಿದರು. ಅದರ ಮೊದಲ ಪ್ರಾಯೋಗಿಕ ಆವೃತ್ತಿ 1999ರ ಜೂನ್ ತಿಂಗಳಿನಲ್ಲಿ ಹೊರಬಿತ್ತು. ಒಂದು ಪಕ್ಷ ಭಯೋತ್ಪಾದಕರದು, ಇನ್ನೊಂದು ಅವರನ್ನು ತಡೆಯುವವರದು. ಮೊದಲು ಒತ್ತೆಯಾಳುಗಳನ್ನು ಬಿಡಿಸುವುದಷ್ಟೇ ಆಟದ ಗುರಿಯಾಗಿದ್ದಿತು. ಬಾಂಬನ್ನು ಇಡುವುದು ಮತ್ತು ನಿಷ್ಕ್ರಿಯಗೊಳಿಸುವುದು ಅನಂತರ ಸೇರಿತು. ಒಂದೊಂದು ಆವೃತ್ತಿ ಬಂದಾಗಲೂ ಆಟಗಾರರು ಆಡಿ, ದೂರಿ, ಸಲಹೆಮಾಡಿ, ತಾವೇ ರಂಗಸ್ಥಳಗಳನ್ನು ಕಟ್ಟಿ ಕಳುಹಿಸುತ್ತಿದ್ದರು. ಇಂಥ ರಂಗಸ್ಥಳಕ್ಕೆ ಮ್ಯಾಪ್ ಎನ್ನುವುದು ವಾಡಿಕೆ. ಇಂಗ್ಲೆಂಡಿನ ಡೇವಿಡ್ ಜಾನ್‌ಸ್ಟನ್ ಎಂಬ ಹುಡುಗ ಹೀಗೆ ಕಟ್ಟಿದ ಮ್ಯಾಪುಗಳಲ್ಲಿ 2001ರ ‘ಡಸ್ಟ್ 2’ ಒಂದು. ಮರಳುನಾಡಿನ ಪೇಟೆಯಂತಿರುವ ಈ ಮ್ಯಾಪನ್ನು ಆಡದ ಕೌಂಟರ್-ಸ್ಟ್ರೈಕ್ ಆಟಗಾರ ಇರಲಾರ. 2000ದಲ್ಲಿ ವಾಲ್ವ್ ಕಂಪನಿ ಈ ಮಾಡ್ ಅನ್ನು ಕೊಂಡು, ಇಬ್ಬರು ಕರ್ತೃಗಳನ್ನೂ ಕೆಲಸಕ್ಕೆ ತೆಗೆದುಕೊಂಡು, ಅದನ್ನು ಅಂಗಡಿಗೆ ತಂದಿತು. ಒಬ್ಬ ವಿದ್ಯಾರ್ಥಿ ಬಿಡುವಿನ ವೇಳೆಯಲ್ಲಿ ತೊಡಗಿದ ಕೆಲಸ ಹೀಗೆ ಒಂದು ಆಟದ ಪರಂಪರೆಯಾಯಿತು.

ನಮ್ಮ ವಾಚಕರಲ್ಲಿ ಅನೇಕರು ಬಲ್ಲ ಪಬ್‌ಜಿಯ ವಂಶಾವಳಿಯೂ ಇಂಥದೇ. ಆರ್ಮಾ 2 ಎಂಬ ಆಟಕ್ಕೆ ನ್ಯೂಜಿಲೆಂಡಿನ ಡೀನ್ ಹಾಲ್ 2012ರಲ್ಲಿ ಒಂದು ಮಾಡ್ ಮಾಡಿದ. ಆ ಮಾಡಿಗೆ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಮರುವರ್ಷ ಮತ್ತೊಂದು ಮಾಡ್ ಮಾಡಿದ. 2017ರ ಪಬ್‌ಜಿ ಅದರ ಸಂತಾನ.

ಹೊಸದನ್ನು ಕಟ್ಟಿ ಸೇರಿಸುವುದು ಆಟಗಾರರ ಒಂದು ಬಗೆಯ ಕೊಡುಗೆ. ಇದಕ್ಕಿಂತ ವಿಚಿತ್ರವಾದುದು ಇನ್ನೊಂದು ಬಗೆಯದು: ಮಾಡಿದವನಿಗೇ ತಿಳಿಯದೆ ಆಟದೊಳಗೆ ಉಳಿದುಬಿಟ್ಟಿದ್ದ ಸಂಗತಿಯನ್ನು ಆಟಗಾರರು ಕಂಡುಹಿಡಿಯುವುದು. ಇದರಲ್ಲಿ ಸ್ವಲ್ಪ ಗಣಿತವಿದೆ. ಪ್ರೌಢಶಾಲೆಯ ರೇಖಾಗಣಿತ ಸಾಕು.

ಕ್ವೇಕ್ ಆಟದಲ್ಲಿ ಓಟದ ವೇಗಕ್ಕೆ ಮಿತಿಯುಂಟು. ಆಟದ ಅಳತೆಯಲ್ಲಿ ಅದು ಸೆಕೆಂಡಿಗೆ 320 ಏಕಮಾನಗಳು. ಈ ಮಿತಿಯನ್ನು ಪ್ರೋಗ್ರಾಮ್ ಹೇಗೆ ಕಾಯುತ್ತದೆ? ಆಟಗಾರನ ಒಟ್ಟು ವೇಗವನ್ನು ಅದು ಅಳೆಯುವುದಿಲ್ಲ. ಆಟಗಾರ ಯಾವ ದಿಕ್ಕಿಗೆ ಹೋಗಲು ಕೀಲಿಯನ್ನು ಒತ್ತಿರುವನೋ ಆ ದಿಕ್ಕಿನಲ್ಲಿ ಆತನ ವೇಗದ ಅಂಶವೆಷ್ಟು ಎಂದು ಮಾತ್ರ ನೋಡುತ್ತದೆ. ಅಂಶ ಕಡಿಮೆಯಿದ್ದರೆ ಆ ದಿಕ್ಕಿನಲ್ಲಿ ಸ್ವಲ್ಪ ವೇಗವನ್ನು ಸೇರಿಸುತ್ತದೆ. ನೇರವಾಗಿ ಓಡುವವನಿಗೆ ಎರಡೂ ಲೆಕ್ಕ ಒಂದೇ. ಆದರೆ ಒಬ್ಬನು ಉತ್ತರಕ್ಕೆ 320ರ ವೇಗದಿಂದ ಜಿಗಿದು, ಗಾಳಿಯಲ್ಲಿರುವಾಗ ಪೂರ್ವದ ಕಡೆಗೆ ಕೀಲಿಯನ್ನು ಒತ್ತಿದನೆಂದು ಭಾವಿಸಿರಿ. ಪೂರ್ವದ ದಿಕ್ಕಿನಲ್ಲಿ ಆತನ ವೇಗ ಸೊನ್ನೆ. ‘ಈತ ನಿಂತೇ ಇದ್ದಾನೆ’ ಎಂದು ಬಗೆದು ಪ್ರೋಗ್ರಾಮ್ ಪೂರ್ವಕ್ಕೆ 30 ಏಕಮಾನಗಳನ್ನು ಸೇರಿಸುತ್ತದೆ; ಗಾಳಿಯಲ್ಲಿ ಅಷ್ಟೇ ಅಪ್ಪಣೆ. ಈಗ ಎರಡು ವೇಗಗಳು ಲಂಬಕೋನದಲ್ಲಿವೆ. ಪೈಥಾಗೊರಸನ ಪ್ರಮೇಯದಂತೆ 320ರ ವರ್ಗ 1,02,400, 30ರ ವರ್ಗ 900, ಮೊತ್ತ 1,03,300, ಇದರ ವರ್ಗಮೂಲ ಸುಮಾರು 321.4. ಮಿತಿ ಮೀರಿತು!

ಒಂದೂ ಕಾಲೋ ಒಂದೂವರೆಯೋ ಏಕಮಾನ ಹೆಚ್ಚಾದುದರಿಂದ ಏನಾಯಿತೆಂದು ಕೇಳಬಹುದು. ಪ್ರೋಗ್ರಾಮ್ ಈ ಲೆಕ್ಕವನ್ನು ಸೆಕೆಂಡಿಗೆ ಹತ್ತಾರು ಸಲ ಮಾಡುತ್ತದೆ. ತನ್ನ ಓಟದ ದಿಕ್ಕು ಬಾಗಿದಂತೆಲ್ಲ ಆಟಗಾರ ಮೌಸನ್ನು ಹದವಾಗಿ ತಿರುಗಿಸುತ್ತ, ಕೀಲಿಯ ದಿಕ್ಕು ಯಾವಾಗಲೂ ಓಟದ ದಿಕ್ಕಿಗೆ ಸರಿಸುಮಾರು ಲಂಬವಾಗಿ ಉಳಿಯುವಂತೆ ನೋಡಿಕೊಂಡರೆ ವೇಗ ಏರುತ್ತಲೇ ಹೋಗುತ್ತದೆ. ನೆಲಕ್ಕೆ ತಾಗಿ ನಿಂತರೆ ಮಾತ್ರ ಘರ್ಷಣೆ ಅದನ್ನು ಇಳಿಸಿಬಿಡುತ್ತದೆ. ಆದುದರಿಂದ ಕಾಲು ನೆಲ ಮುಟ್ಟಿದ ಕ್ಷಣವೇ ಮತ್ತೆ ಜಿಗಿಯಬೇಕು. ಮೊಲದಂತೆ ಕುಪ್ಪಳಿಸುತ್ತ ಹಾವಿನಂತೆ ಬಳುಕುವ ಈ ಓಟವನ್ನು ಕಂಪನಿ ಯಾರಿಗೂ ಕಲಿಸಿರಲಿಲ್ಲ. ಆಟಗಾರರು ಪ್ರಯೋಗದಿಂದ ಪಡೆದು, ಒಬ್ಬರಿಗೊಬ್ಬರು ಕಲಿಸಿದರು. ಅವರಲ್ಲಿ ಬಹುಮಂದಿಗೆ ಮೇಲಿನ ಗಣಿತ ತಿಳಿದಿರಲಿಲ್ಲ, ಬೆರಳುಗಳಿಗೆ ತಿಳಿದಿತ್ತು.

ಇದು ದೋಷವೋ ಗುಣವೋ? ಕ್ವೇಕ್ ಪರಂಪರೆಯ ಮೂರನೆಯ ಆಟ ಸಿದ್ಧವಾಗುವಾಗ ಇದನ್ನು ತಿದ್ದಿ ನೋಡಿದರು. ಆ ಆಟದ ಪ್ರೋಗ್ರಾಮನ್ನು 2005ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ ಅದರೊಳಗೆ ಒಂದು ಸ್ವಾರಸ್ಯ ಕಂಡಿತು. ಹಳೆಯ ಲೆಕ್ಕ, ತಿದ್ದಿದ ಲೆಕ್ಕ ಎರಡೂ ಅಕ್ಕಪಕ್ಕದಲ್ಲಿ ಉಳಿದಿದ್ದವು. ತಿದ್ದಿದ್ದೇ ಸರಿಯಾದ ವಿಧಾನ, ಆದರೆ ಆಡುವಾಗ ಹಿತವೆನಿಸದು ಎಂಬರ್ಥದ ಟಿಪ್ಪಣಿಯೊಂದು ಅಲ್ಲಿತ್ತು. ಚಾಲ್ತಿಯಲ್ಲಿದ್ದುದು ಹಳೆಯ ತಪ್ಪು ಲೆಕ್ಕವೇ. ಕೌಂಟರ್-ಸ್ಟ್ರೈಕ್‌ನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಅದೂ ಅದೇ ಎಂಜಿನ್ನಿನ ಕುಲದ್ದಾದುದರಿಂದ ಅದರ ಮೊದಲ ಆವೃತ್ತಿಗಳಲ್ಲಿ ಈ ಕುಪ್ಪಳಿಕೆಗೆ ಎಡೆಯಿತ್ತು. ಮುಂದೆ ಅದಕ್ಕೆ ಕಡಿವಾಣ ಹಾಕಲಾಯಿತು. ಮೂಲೆಯಲ್ಲಿ ಕಾದು, ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಆಡುವ ಆಟದಲ್ಲಿ ಹಾರುತ್ತ ಬರುವವನು ಎಲ್ಲವನ್ನೂ ಕೆಡಿಸುತ್ತಾನೆ. ಒಂದೇ ದೋಷ; ಒಂದು ಸಮುದಾಯದಲ್ಲಿ ಅದು ಕಲೆಯಾಯಿತು, ಇನ್ನೊಂದರಲ್ಲಿ ಪಿಡುಗಾಯಿತು.

ಇನ್ನು ಆಟಗಾರರ ಮಾತಿನ ವಿಷಯ. ಅವರು ಕೂಗಿ ಕೇಳಿದುದನ್ನೆಲ್ಲ ಕೊಟ್ಟರೆ ಆಟ ಉದ್ಧಾರವಾಗುವುದೆ? ಹಾಗೆ ತೋರುವುದಿಲ್ಲ. ಕೂಗುವವರು ಆಡುವವರಲ್ಲಿ ಒಂದು ಪಾಲು ಮಾತ್ರ. ಬೇಸರಗೊಂಡವನು ಹೆಚ್ಚಾಗಿ ಏನೂ ಹೇಳದೆ ಎದ್ದುಹೋಗುತ್ತಾನೆ, ಆತನ ದೂರು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಕೂಗನ್ನು ಬಿಟ್ಟು ಅಂಕಿಗಳನ್ನು ಮಾತ್ರ ನಂಬಿದರೂ ಎಡವಬಹುದು. ಕೌಂಟರ್-ಸ್ಟ್ರೈಕ್‌ನಲ್ಲಿ ಒಂದೊಂದು ಸುತ್ತಿನ ಆರಂಭದಲ್ಲಿಯೂ ಆಟಗಾರ ಗಳಿಸಿದ ಹಣದಿಂದ ಆಯುಧಗಳನ್ನು ಕೊಳ್ಳಬೇಕು. 2006ರ ಅಕ್ಟೋಬರಿನಲ್ಲಿ ವಾಲ್ವ್ ಒಂದು ಪ್ರಯೋಗ ಮಾಡಿತು. ಕಳೆದ ವಾರ ಪ್ರಪಂಚದಲ್ಲೆಲ್ಲ ಯಾವ ಆಯುಧ ಎಷ್ಟು ಬಿಕರಿಯಾಯಿತೆಂದು ಎಣಿಸಿ, ಬೇಡಿಕೆಗೆ ತಕ್ಕಂತೆ ಈ ವಾರದ ಬೆಲೆಯನ್ನು ಗೊತ್ತುಮಾಡುವುದು. ಅರ್ಥಶಾಸ್ತ್ರದ ಪಾಠದಂತೆ ಇದು ನಿರ್ದೋಷವಾಗಿ ಕಾಣುತ್ತದೆ. ಆದರೆ ಎಲ್ಲರೂ ಇಷ್ಟಪಡುತ್ತಿದ್ದ ಪಿಸ್ತೂಲಿನ ಬೆಲೆ ಏರುತ್ತ ಹೋಯಿತು, ಯಾರಿಗೂ ಬೇಡದ ಆಯುಧಗಳು ಅಗ್ಗವಾದವು. ವರ್ಷಗಟ್ಟಲೆ ಆಡಿ ಬೆಲೆಗಳನ್ನು ಬಾಯಿಪಾಠ ಮಾಡಿಕೊಂಡು, ಎದುರಾಳಿಯ ಕಿಸೆಯಲ್ಲಿ ಎಷ್ಟು ಉಳಿದಿದೆಯೆಂದು ಊಹಿಸಿ ಹೂಡುತ್ತಿದ್ದ ತಂತ್ರಗಳ ಬುಡವೇ ಅಲುಗಿತು. ಅನೇಕರಿಗೆ ಇದು ರುಚಿಸಲಿಲ್ಲ. 2012ರ ‘ಗ್ಲೋಬಲ್ ಅಫೆನ್ಸಿವ್’ ಆಟದಲ್ಲಿ ಬೆಲೆಗಳು ಹಿಂದಿನಂತೆ ನಿಶ್ಚಿತವಾಗಿಯೇ ಇದ್ದವು.

ಆಟಗಾರರ ನಡತೆ ಅವರ ಮಾತಿಗಿಂತ ಸ್ಪಷ್ಟವಾಗಿ ನುಡಿಯುವುದೂ ಉಂಟು. 2004ರಲ್ಲಿ ಹೊಸ ಎಂಜಿನ್ನಿನ ಮೇಲೆ ‘ಸೋರ್ಸ್’ ಎಂಬ ಕೌಂಟರ್-ಸ್ಟ್ರೈಕ್ ಬಂದಾಗ ಅದರ ದೃಶ್ಯಗಳು ಎಷ್ಟೋ ಅಂದವಾಗಿದ್ದರೂ ನುರಿತ ಆಟಗಾರರಲ್ಲಿ ಬಹುಮಂದಿ ಹಳೆಯ 1.6 ಆವೃತ್ತಿಯನ್ನು ಬಿಟ್ಟು ಕದಲಲಿಲ್ಲ. ಅವರಿಗೆ ಹಾಗೆ ಉಳಿಯಲು ಸಾಧ್ಯವಾದುದಕ್ಕೆ ಕಾರಣವೊಂದಿದೆ. ಅದನ್ನು ಮುಂದೆ ಹೇಳುತ್ತೇವೆ. ಕೂಗು ಸಫಲವಾದ ಪ್ರಸಂಗವೂ ಇದೆ. 2015ರ ಡಿಸೆಂಬರಿನಲ್ಲಿ ಆಟಕ್ಕೆ ಸೇರಿಸಿದ ಒಂದು ರಿವಾಲ್ವರ್ ಒಂದೇ ಗುಂಡಿಗೆ ಎದುರಾಳಿಯನ್ನು ಕೆಡಹುವಷ್ಟು ಪ್ರಬಲವಾಗಿತ್ತು. ಪ್ರತಿಭಟನೆ ಎದ್ದು ಕೆಲವೇ ದಿನಗಳಲ್ಲಿ ಅದರ ಶಕ್ತಿಯನ್ನು ತಗ್ಗಿಸಲಾಯಿತು.

2013ರಲ್ಲಿ ವಾಲ್ವ್ ಆಟಗಾರರಿಗೆ ನ್ಯಾಯಾಧೀಶನ ಪೀಠವನ್ನೇ ಕೊಟ್ಟಿತು. ಮೋಸದ ಪ್ರೋಗ್ರಾಮುಗಳಿಂದ ಗುರಿ ಇಡುತ್ತಾರೆಂದು ಸಂಶಯಕ್ಕೆ ಒಳಗಾದವರ ಆಟದ ದಾಖಲೆಯನ್ನು, ಹೆಸರು ಮರೆಸಿ, ಅನುಭವಸ್ಥ ಆಟಗಾರರ ಮುಂದಿಡುವುದು. ಅವರು ನೋಡಿ ತೀರ್ಪು ಹೇಳುವುದು. ಈ ತೀರ್ಪುಗಳಿಗೆ ಮುಂದೆ ಎರಡನೆಯ ಉಪಯೋಗವೂ ಒದಗಿತು. ಆಟಗಾರ ಗುಂಡು ಹಾರಿಸುವ ಮುನ್ನ ಮತ್ತು ಅನಂತರ ಆತನ ಗುರಿ ಯಾವ ಯಾವ ಕೋನಗಳಿಗೆ ತಿರುಗಿತೆಂಬ ಅಂಕಿಗಳನ್ನೂ ಮನುಷ್ಯರ ತೀರ್ಪುಗಳನ್ನೂ ಒಟ್ಟಿಗೆ ಉಣಿಸಿ, ಮೋಸವನ್ನು ಗುರುತಿಸಲು ಕಲಿಯುವ ಒಂದು ಕೃತಕ ನರಜಾಲವನ್ನು ಕಂಪನಿ ತಯಾರಿಸಿತು. 2018ರಲ್ಲಿ ಅದರ ವಿವರಗಳನ್ನು ಹೊರಗೆಡಹಿತು. ಈ ಯಂತ್ರ ಸಂಶಯಿಸಿ ಕಳುಹಿಸಿದ ದಾವೆಗಳು, ಸೋತ ಸಿಟ್ಟಿನಲ್ಲಿ ಆಟಗಾರರು ಹೂಡಿದ ದಾವೆಗಳಿಗಿಂತ ಬಹಳ ಹೆಚ್ಚಾಗಿ ನಿಜವೆಂದು ಸಾಬೀತಾಗುತ್ತಿದ್ದವು. ದೂರುವಾಗ ನಂಬಲು ಅರ್ಹರಲ್ಲದ ಜನರೇ ತೀರ್ಪು ಹೇಳಲು ಕುಳಿತಾಗ ಯಂತ್ರಕ್ಕೆ ಗುರುಗಳಾದುದು ಗಮನಿಸತಕ್ಕ ಸಂಗತಿ.

ಈಗ ಆ ಕಾರಣಕ್ಕೆ ಬರೋಣ. ಅನೇಕರು ಕೂಡಿ ಆಡಬೇಕಾದರೆ ಅವರೆಲ್ಲರ ಚಲನೆಗಳನ್ನು ಒಂದುಗೂಡಿಸುವ ಒಂದು ಕಂಪ್ಯೂಟರ್, ಅಂದರೆ ಸರ್ವರ್, ಎಲ್ಲಿಯಾದರೂ ನಡೆಯುತ್ತಿರಬೇಕು. ಕ್ವೇಕ್, ಕೌಂಟರ್-ಸ್ಟ್ರೈಕ್ 1.6 ಮುಂತಾದುವುಗಳಲ್ಲಿ ಸರ್ವರ್ ನಡೆಸುವ ಪ್ರೋಗ್ರಾಮನ್ನು ಆಟಗಾರರ ಕೈಗೇ ಕೊಟ್ಟಿದ್ದರು. ಕಂಪನಿಯ ಒಪ್ಪಿಗೆಯಿಲ್ಲದೆಯೇ ಹಳೆಯ ಆವೃತ್ತಿ ಬದುಕಬಲ್ಲುದಾಗಿತ್ತು. ಇತ್ತೀಚಿನ ಅನೇಕ ಆಟಗಳಲ್ಲಿ ಸರ್ವರ್ ಕಂಪನಿಯ ಮನೆಯಲ್ಲಿಯೇ ಇದೆ. ಒಳಗಿನ ಕಡತಗಳಿಗೆ ಬೀಗ ಹಾಕಿದೆ. ಮೋಸವನ್ನು ತಡೆಯಲು ಇದು ಅನುಕೂಲವೆಂಬುದೂ ನಿಜವೇ. ಆದರೆ ಸೋನಿ ಕಂಪನಿಯ ಕಾಂಕಾರ್ಡ್ ಎಂಬ ಗುಂಡಿನ ಆಟವನ್ನು ನೋಡಿರಿ. ಅದು 2024ರ ಆಗಸ್ಟ್ 23ರಂದು ಬಿಡುಗಡೆಯಾಯಿತು. ಆಡುವವರು ಸಾಕಷ್ಟು ಬರಲಿಲ್ಲವೆಂದು ಸೆಪ್ಟೆಂಬರ್ 6ರಂದು ಸರ್ವರುಗಳನ್ನು ನಿಲ್ಲಿಸಿದರು. ಕೊಂಡವರಿಗೆ ಹಣ ವಾಪಸಾಯಿತು. ಅದನ್ನು ಮೆಚ್ಚಿಕೊಂಡಿದ್ದ ಕೆಲವರು ತಮ್ಮಷ್ಟಕ್ಕೆ ಆಡಿಕೊಳ್ಳಲು, ತಿದ್ದಿ ಬೆಳೆಸಲು, ಕಂಪನಿ ಯಾವ ದಾರಿಯನ್ನೂ ಬಿಡಲಿಲ್ಲ.

ಮೊದಲು ಹೇಳಿದ ಟೀಮ್ ಫೋರ್ಟ್ರೆಸ್ಸಿನ ಕಥೆ ಬೇರೆಯಾಯಿತು. ಅದರ ಕರ್ತೃಗಳನ್ನೂ ವಾಲ್ವ್ ಕಂಪನಿ ಕರೆಸಿಕೊಂಡಿತ್ತು. ಎರಡನೆಯ ಆಟ 2007ರಲ್ಲಿ ಬಂದಿತು. ಅದರಲ್ಲಿ ಯಾಂತ್ರಿಕ ಆಟಗಾರರ ಹಾವಳಿ ವಿಪರೀತವಾದಾಗ 2022ರಲ್ಲಿ, ಮತ್ತೆ 2024ರಲ್ಲಿ ಆಟಗಾರರು ಒಟ್ಟಾಗಿ ದನಿಯೆತ್ತಿ ಪ್ರತಿಭಟಿಸಿದರು. 2025ರ ಫೆಬ್ರವರಿಯಲ್ಲಿ ಕಂಪನಿ ಆ ಆಟದ ಪ್ರೋಗ್ರಾಮನ್ನು ಆಟಗಾರರಿಗೆ ಬಿಟ್ಟುಕೊಟ್ಟಿತು. ಮೂವರು ತರುಣರು 1996ರಲ್ಲಿ ಇನ್ನೊಬ್ಬರ ಆಟವನ್ನು ಬಿಚ್ಚಿ ಕಟ್ಟಿದಂತೆ, ಈಗ ಯಾರು ಬೇಕಾದರೂ ಇದನ್ನು ಬಿಚ್ಚಿ ಹೊಸದನ್ನು ಕಟ್ಟಬಹುದು. ಷರತ್ತು ಒಂದಿದೆ: ಹಾಗೆ ಕಟ್ಟಿದುದನ್ನು ಇತರರಿಗೆ ಬಿಟ್ಟಿಯಾಗಿ ಕೊಡಬೇಕು, ಮಾರುವಂತಿಲ್ಲ.